ಇಂಟರ್‌ವಲ್‌ಗೆ ಮೊದಲಿನ ಹಾಡು

ಕಳೆದ ತಿಂಗಳು ನನ್ನ ಅತ್ತೆ ಮೊಬೈಲಿಗೆ ಹಾಡು ಹೇಳಿದರು. ಮೊಬೈಲು ಗಮನವಿಟ್ಟು ಕೇಳಿತು, ಚಕ್ರ ತಿರುಗಿಸಿ ಸ್ವಲ್ಪ ಯೋಚನೆ ಮಾಡಿತು, ಆಮೇಲೆ ಒಂದು ಸಿಮೆಂಟ್ ಜಾಹೀರಾತು ತೋರಿಸಿತು.

ಅತ್ತೆ ಎಂದರೆ ಗಂಡನ ತಾಯಿಯಲ್ಲ. (ಅವರು ಹಾಡು ಹೇಳುವವರಲ್ಲ, ಬುದ್ಧಿ ಹೇಳುವವರು. ಈ ಅಂಕಣವನ್ನು ತಪ್ಪದೆ ಓದುತ್ತಾರೆ, ಆದ್ದರಿಂದ ಇಲ್ಲಿಗೇ ನಿಲ್ಲಿಸುತ್ತೇನೆ.) ಇವರು ಕುಮಟೆಯ ಯಶೋದತ್ತೆ, ನನ್ನ ಸೋದರಮಾವನ ಹೆಂಡತಿ.

ಹಿತ್ತಿಲ ಬಾವಿಕಟ್ಟೆಯ ಹತ್ತಿರ ನಾವಿಬ್ಬರೂ ಕಳ್ಳರ ಹಾಗೆ ನಿಂತಿದ್ದೆವು. ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ಗುನುಗುವುದು, ನಾನು ಫೋನನ್ನು ಅವರ ಗದ್ದದ ಹತ್ತಿರ ಹಿಡಿಯುವುದು. ಗುನುಗಿದರೆ ಸಾಕು, ಹಾಡು ಯಾವುದೆಂದು ಫೋನೇ ಹುಡುಕಿ ಕೊಡುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಮತ್ತೊಮ್ಮೆ ಗುನುಗಿದಾಗ ಒಂದು ಹಳೆಯ ಹಿಂದಿ ಸಿನಿಮಾದ ಹಾಡು ಬಂತು. ಇನ್ನೊಮ್ಮೆ ಗುನುಗಿದಾಗ ಯಾವುದೋ ದೇಶದ ಮದುವೆಯ ಬ್ಯಾಂಡು ಬಂತು.

"ಇದ್ಕೆ ಕಿವಿ ಅದೆಯಾ ಇಲ್ವಾ?" ಅತ್ತೆ ಫೋನನ್ನು ದುರುಗುಟ್ಟಿ ನೋಡಿದರು.

"ಕಿವಿ ಅದೆ ಅತ್ತೆ. ನೀವು ಮೊದಲು ಬಾಯಿಂದ ಸೆರಗು ತೆಗೀರಿ."

"ಸಣ್ಣಕ್ಕೆ ಮಾತಾಡೆ ತಂಗೀ. ಅವ್ರಿಗೆ ಕೇಳ್ತದೆ."

'ಅವ್ರು' ಎಂದರೆ ಸುಬ್ರಾಯ ಮಾವ. ಒಳಗೆ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ನಮ್ಮ ಗುಸುಗುಸು ಅವರಿಗೆ ಕೇಳಿಸುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಕೇಳಿಸಿದ್ದರೂ ಅವರು ಹೇಳುವ ಹಾಗಿರಲಿಲ್ಲ.

ಈ ಮಳೆಗಾಲ ಮುಗಿಯುವ ಹೊತ್ತಿಗೆ ಮಾವನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಕಾಲು ಹೇಗೋ ತಿರುಗಿ ಬಂತು, ಕೈ ಅರ್ಧ ಬಂತು. ಮಾತು ಮಾತ್ರ ಬರಲಿಲ್ಲ. ಒಂದಕ್ಷರವೂ ಬರಲಿಲ್ಲ. ನಮಗೆಲ್ಲ ಮಾವ ಎಂದರೆ ಮಾತು. ಬಸ್ ಸ್ಟ್ಯಾಂಡಿಗೆ ಹಾಲು ತರಲು ಹೋದವರು ಎಲ್ಲರನ್ನೂ ಮಾತಾಡಿಸಿ ಬರುವಷ್ಟರಲ್ಲಿ ಹಾಲು ಬಿಸಿಲಿಗೆ ಕೆಡುತ್ತಿತ್ತು. ಅಂಥವರು ಮೊದಮೊದಲು ಬಾಯಿ ತೆರೆದು ಒದ್ದಾಡಿದರು. ಏನೋ ವಿಚಿತ್ರ ಶಬ್ದ ಬರುತ್ತಿತ್ತು. ನೋಡಲು ಬಂದವರು ಕಣ್ಣೀರು ಹಾಕುತ್ತಿದ್ದರು. ಅದನ್ನು ಕಂಡು ಮಾವ ಬಾಯಿಯನ್ನೇ ಮುಚ್ಚಿಬಿಟ್ಟರು. ಆಮೇಲೆ ಪ್ರಯತ್ನವನ್ನೇ ಮಾಡಲಿಲ್ಲ. ನನಗೆ ಹೆದರಿಕೆಯಾದದ್ದು ಸ್ಟ್ರೋಕ್ ಆದಾಗ ಅಲ್ಲ, ಆಗ.

ವಾರಕ್ಕೊಮ್ಮೆ ಮನೆಗೆ ಬರುವ ಸ್ಪೀಚ್ ಥೆರಪಿಯ ಹುಡುಗಿಗೂ ಅದೇ ಚಿಂತೆ. "ಮಾತು ಮಿದುಳಿನಲ್ಲಿ ಒಂದು ಕಡೆ ಇರುತ್ತೆ, ಹಾಡು ಇನ್ನೊಂದು ಕಡೆ ಇರುತ್ತೆ" ಎಂದು ಅವಳು ಅತ್ತೆಗೆ ಬಿಡಿಸಿ ಹೇಳಿದ್ದಳು. "ಮಾತು ಹೋದರೂ ಕೆಲವರಿಗೆ ಹಾಡು ಉಳಿದಿರುತ್ತೆ. ಇವರಿಗೆ ತುಂಬಾ ಇಷ್ಟದ ಹಾಡು ಕೇಳಿಸಿ. ಒಂದು ಸಲ ಗುನುಗಲಿ ಸಾಕು, ಅದರ ಬಾಲ ಹಿಡಿದು ಮಾತು ಬರಬಹುದು. ಬರದೆಯೂ ಇರಬಹುದು. ಆದರೆ ಹೀಗೆ ಬಾಯಿ ಮುಚ್ಚಿ ಕೂತರೆ ಮಾತ್ರ ಖಂಡಿತ ಬರೋದಿಲ್ಲ."

ಆತಲ್ಲ, ಹಾಡು ಹಾಕುವುದಕ್ಕೇನು ಕಷ್ಟ? ಭಜನೆ ಹಾಕಿದೆವು. ಮಾವ ಕೈ ಮುಗಿದು ಸುಮ್ಮನೆ ಕೂತರು. ಹಳೆಯ ಸಿನಿಮಾ ಹಾಡು ಹಾಕಿದೆವು. ಕಿಟಕಿಯ ಕಡೆ ಮುಖ ತಿರುಗಿಸಿದರು. ಯಕ್ಷಗಾನದ ವಿಡಿಯೋ ಹಾಕಿದೆವು. ಚೆಂಡೆ ಕೇಳಿ ಪಕ್ಕದ ಮನೆಯವರು ಬಂದು ಕೂತರು, ಮಾವ ಎದ್ದುಹೋಗಿ ಮಲಗಿದರು.

ಆಗ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು, "ಅವ್ರಿಗೆ ಬೇಕಾದ್ದು ಇದ್ಯಾವ್ದೂ ಅಲ್ಲ. ಛತ್ರಿ ವರ್ಷದ್ದು ಬೇಕು."

ಛತ್ರಿ ವರ್ಷದ್ದು! ಇದನ್ನು ವಿವರಿಸದೆ ಮುಂದೆ ಹೋಗುವ ಹಾಗಿಲ್ಲ.

ಮಾವ ಆಯುಷ್ಯದ ಬಹುಪಾಲು ಮುಂಬೈಯಲ್ಲಿ ದುಡಿದವರು. ಹೋಟೆಲಿನಲ್ಲಲ್ಲ (ಕುಮಟೆಯವರು ಮುಂಬೈಗೆ ಹೋದರು ಎಂದರೆ ಹೋಟೆಲಿಗೇ ಎಂದು ನಮ್ಮ ಲೆಕ್ಕ), ಒಂದು ದೊಡ್ಡ ಸಂಗೀತದ ಹಾಲ್‌ನ ಕ್ಯಾಂಟೀನಿನಲ್ಲಿ. ಆ ಹಾಲ್‌ನ ಹೆಸರು ಹೇಳಿದರೆ ಸಂಗೀತ ಬಲ್ಲವರು ಕಿವಿ ಮುಟ್ಟಿಕೊಳ್ಳುತ್ತಾರಂತೆ. ನನಗೆ ಮಂಗಳಾರತಿ ಹಾಡೂ ಸರಿಯಾಗಿ ಬಾರದು, ಆದ್ದರಿಂದ ಆ ಹೆಸರು ನನ್ನ ಬಾಯಲ್ಲಿ ಬೇಡ. ದೇಶವಿದೇಶದ ಮಹಾಮಹಾ ಕಲಾವಿದರು ಅಲ್ಲಿ ನುಡಿಸುತ್ತಿದ್ದರು. ಮಾವ ಅಲ್ಲಿ ಬಟಾಟೆ ವಡೆ ಕರಿಯುತ್ತಿದ್ದರು.

ಸಂಗೀತಗಾರರು ಹೊಸದಾಗಿ ಏನಾದರೂ ಕಟ್ಟಿದರೆ ಅದರ ಮೊದಲ ಪ್ರದರ್ಶನ ಅಲ್ಲೇ ಆಗಬೇಕೆಂದು ಕಾಯುತ್ತಿದ್ದರಂತೆ. ಅಂದರೆ ಯೋಚಿಸಿ. ಒಂದು ಹಾಡು ಹುಟ್ಟಿದೆ. ಪ್ರಪಂಚದಲ್ಲಿ ಇನ್ನೂ ಯಾರ ಕಿವಿಗೂ ಬಿದ್ದಿಲ್ಲ. ಮೊದಲು ಕೇಳುವ ಭಾಗ್ಯ ಆ ಸಂಜೆ ಆ ಹಾಲ್‌ನಲ್ಲಿ ಇದ್ದವರಿಗೆ. ಅವರಲ್ಲಿ ಕುಮಟೆಯವರೊಬ್ಬರು! ಮಾವನಿಗೆ ಅದು ಎಂಥ ಹೆಮ್ಮೆ ಎಂದರೆ, "ನಮ್ಮಲ್ಲಿ ಈ ವರ್ಷ ಹೊಸದು ಒಂದು ಆತು" ಎಂದು ಅವರೇ ಕಟ್ಟಿ ಹಾಡಿಸಿದ ಹಾಗೆ ಹೇಳುತ್ತಿದ್ದರು.

ಇನ್ನು ನಮ್ಮ ಕಡೆಯ ಒಂದು ಪದ್ಧತಿ. ಮುಂಬೈಯಿಂದ ಬಂದವರ ಟ್ರಂಕನ್ನು ಮನೆಮಂದಿಯೆಲ್ಲ ಸುತ್ತ ಕೂತ ಮೇಲೆಯೇ ತೆರೆಯಬೇಕು. ತಂದ ವಸ್ತು ಕುಮಟೆ ಪೇಟೆಯಲ್ಲಿ ಸಿಗುವಂಥದ್ದಾಗಿರಬಾರದು. ಸಿಕ್ಕಿದರೆ ಅದು ತಂದ ಲೆಕ್ಕವಲ್ಲ. ಒಡೆದ ಪೊಟ್ಟಣವನ್ನೋ ಅರ್ಧ ತಿಂದ ಹಲ್ವದ ಡಬ್ಬಿಯನ್ನೋ ತಂದರಂತೂ ಮುಗಿಯಿತು, ಮುಂದಿನ ಮಳೆಗಾಲದವರೆಗೆ ಕೇರಿಯಲ್ಲಿ ಅದೇ ಮಾತು. ನಮ್ಮ ಅತ್ತೆ, ಅಮ್ಮಂದಿರಿಗೆ ಮುಂಬೈ ಎಂಬುದು ಊರಲ್ಲ, ಗಂಡಸರು ಇರುವ ಜಾಗ. ವರ್ಷವಿಡೀ ಕಾದವರ ಎದುರಿಗೆ ಅರ್ಧ ಬರಿದಾದದ್ದನ್ನು ಹೇಗೆ ಇಡುವುದು?

ಮಾವ ಎಲ್ಲರಿಗೂ ತರುತ್ತಿದ್ದರು. ನನಗೆ ಬಳೆ, ಅಮ್ಮನಿಗೆ ಗೋಡೆಗೆ ನೇತುಹಾಕುವ ಕನ್ನಡಿ. ಅತ್ತೆಗೂ ಒಂದು ಸೀರೆ ಇರುತ್ತಿತ್ತು. ಆದರೆ ಅತ್ತೆಯ ಖಾಸಾ ಪಾಲು ಟ್ರಂಕಿನಲ್ಲಿ ಇರುತ್ತಿರಲಿಲ್ಲ. ಊಟವಾಗಿ ನೆಂಟರೆಲ್ಲ ಹೊರಟ ಮೇಲೆ ಅತ್ತೆ ಪಾತ್ರೆ ತೊಳೆಯಲು ಕೂರುತ್ತಿದ್ದರು. ಮಾವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಆ ವರ್ಷ ಹಾಲ್‌ನಲ್ಲಿ ಮೊದಲ ಸಲ ನುಡಿಸಿದ ಹೊಸದನ್ನು ಅತ್ತೆಗೆ ಗುನುಗಿ ಕೇಳಿಸುತ್ತಿದ್ದರು. ಶುರುವಿನಿಂದ ಕೊನೆಯವರೆಗೆ, ಪೂರ್ತಿ. ಹಳೆಯದನ್ನು ಒಮ್ಮೆಯೂ ತಂದವರಲ್ಲ. ಅದು ಯಾರಿಗೆ ಬೇಕಾದರೂ ಸಿಗುತ್ತದಲ್ಲ, ರೇಡಿಯೋದಲ್ಲೂ ಬರುತ್ತದಲ್ಲ!

ಅತ್ತೆಗೆ ಆ ಕೃತಿಗಳ ಹೆಸರು ಗೊತ್ತಿಲ್ಲ, ಕಟ್ಟಿದವರ ಹೆಸರೂ ಗೊತ್ತಿಲ್ಲ. ತಮ್ಮದೇ ಹೆಸರು ಇಟ್ಟಿದ್ದರು. 'ಸ್ಟೀಲ್ ಡಬ್ಬಿ ವರ್ಷದ್ದು', 'ಪ್ರಕಾಶ ಹುಟ್ಟಿದ ವರ್ಷದ್ದು'. ಗುಂಡಿ ಒತ್ತಿದರೆ ಫಟ್ಟೆಂದು ಬಿಚ್ಚಿಕೊಳ್ಳುವ ಛತ್ರಿಯನ್ನು ಮಾವ ತಂದ ವರ್ಷ ಹಾಡಿದ್ದು 'ಛತ್ರಿ ವರ್ಷದ್ದು'. ಛತ್ರಿ ಒಂದೇ ಗಾಳಿಗೆ ಕಡ್ಡಿ ಮುರಿದುಕೊಂಡಿತು. ಹಾಡು ಉಳಿಯಿತು. ರಿಟೈರ್ ಆಗಿ ಬಂದ ಮೇಲೂ ದಾಡಿ ಮಾಡುವಾಗ, ಈರುಳ್ಳಿ ಮಡಿಗೆ ನೀರು ಬಿಡುವಾಗ ಮಾವನ ಗಂಟಲಲ್ಲಿ ಇರುತ್ತಿದ್ದದ್ದು ಅದೇ.

"ಹಾಂಗಾದ್ರೆ ನೀವೇ ಹಾಡಿ ಕೇಳಿಸಬಹುದಲ್ಲ ಅತ್ತೆ?" ಎಂದೆ.

"ನಾನಾ! ಅಯ್ಯೋ ದೇವ್ರೆ, ಅಷ್ಟು ದೊಡ್ಡ ಹಾಲ್‌ನಲ್ಲಿ ಬಾರ್ಸಿದ್ದು, ಸಾವ್ರ ಜನ ಚಪ್ಪಾಳೆ ತಟ್ಟಿದ್ದು, ಅದ್ನ ನಾ ಈ ಗಂಟಲಲ್ಲಿ ಹಾಡೂದಾ? ಅವ್ರಿಗೆ ಇದ್ದ ಜೀವವೂ ಹೋಗೂದು. ಅಸಲು ಹುಡ್ಕು ನೀನು. ಅಸಲು ಕೇಳಿದ್ರೆ ಬಾಯಿ ಬಿಡ್ತಾರೆ."

ಅಸಲು. ನಾನೂ ಹೌದೆಂದು ತಲೆಯಾಡಿಸಿದೆ. ನಾವೆಲ್ಲ ಅಸಲಿನ ಭಕ್ತರಲ್ಲವೇ? ಜೇನುತುಪ್ಪ ತಂದರೆ ಲೋಟದ ನೀರಿಗೆ ಒಂದು ಹನಿ ಬಿಟ್ಟು ನೋಡುತ್ತೇವೆ. ಮಲ್ಲಿಗೆ ದಂಡೆ ಕೊಂಡರೆ "ಭಟ್ಕಳದ್ದೇ ಹೌದಾ?" ಎಂದು ಕೇಳದೆ ಮುಡಿಯುವುದಿಲ್ಲ. ಮನೆಯವರ ಬಾಯಲ್ಲಿರುವ ಹಾಡು ನಕಲು, ಫೋನಿನಲ್ಲಿರುವುದು ಅಸಲು. ಇದರಲ್ಲಿ ಅನುಮಾನ ಯಾರಿಗಿದೆ? ಹಾಗಾಗಿಯೇ ಬಾವಿಕಟ್ಟೆಯ ಆ ಕಾರ್ಯಕ್ರಮ, ಸೆರಗು, ಸಿಮೆಂಟ್ ಜಾಹೀರಾತು.

ಫೋನು ಕೈಕೊಟ್ಟಿತು, ನಾನು ಬಿಡಲಿಲ್ಲ. (ಬ್ಯಾಂಕಿನಲ್ಲಿ ಕೆಲಸ ಮಾಡುವವಳು ನಾನು, ಕಳೆದುಹೋದದ್ದನ್ನು ಹುಡುಕುವುದು ಅಭ್ಯಾಸ.) ಆ ಹಾಲ್‌ನ ಹೆಸರು ಹಾಕಿ, ಅಲ್ಲಿ ಮೊದಲ ಪ್ರದರ್ಶನ ಕಂಡ ಕೃತಿಗಳು ಯಾವುವು ಎಂದು ಇಂಟರ್‌ನೆಟ್ಟಿನಲ್ಲಿ ತಡಕಾಡಿದೆ. ಅಬ್ಬಬ್ಬಾ! ಒಂದೇ, ಎರಡೇ? ಸಿಕ್ಕಿದ್ದನ್ನೆಲ್ಲ ಯೂಟ್ಯೂಬಿನಲ್ಲಿ ಹುಡುಕಿ ಕೇಳತೊಡಗಿದೆ. ಹೊನ್ನಾವರದ ನಮ್ಮ ಬ್ರಾಂಚಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿಟ್ಟುಕೊಂಡು, ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತರೆ ಕ್ಯಾಷಿಯರ್ ಕೇಳಿದ, "ಎಂತ ಮೇಡಂ, ಸಂಗೀತ ಪರೀಕ್ಷೆಗೆ ಕಟ್ಟಿದ್ರಾ?"

ಪರೀಕ್ಷೆಯೇ ಆಗಿತ್ತು ಅದು. ಒಂದು ಕೃತಿಯಲ್ಲಿ ಉದ್ದಕ್ಕೂ ತಂತಿ ಕೆರೆಯುವ ಶಬ್ದ. ನಮ್ಮ ಮನೆಯ ಬೋರ್‌ವೆಲ್ ಪಂಪು ಕೆಟ್ಟಾಗ ಬಂದದ್ದು ಅದೇ. (ಸಂಗೀತ ಬಲ್ಲ ಓದುಗರು ಕ್ಷಮಿಸಬೇಕು, ಅಥವಾ ಆ ಪಂಪನ್ನು ಬಂದು ಕೇಳಬೇಕು.) ಇನ್ನೊಂದರಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದರು. ನನ್ನ ಫೋನು ಹಾಳಾಯಿತೆಂದು ನಾನು ಗಾಬರಿಯಾದೆ.

ಕೊನೆಗೆ ಒಂದು ದಿನ ಸಂಜೆ ಬಸ್ಸು ಶರಾವತಿ ಸೇತುವೆಯ ಮೇಲೆ ಹೋಗುತ್ತಿರುವಾಗ ಅದು ಸಿಕ್ಕಿತು. ಸಾರಂಗಿ, ಜೊತೆಗೆ ಬೇಕಾದಷ್ಟು ಪಿಟೀಲುಗಳು. ಎರಡು ಭಾಗದ ದೊಡ್ಡ ಕೃತಿ. ಮೊದಲ ಭಾಗದಲ್ಲಿ ನನಗೆ ಪರಿಚಯದ್ದೇನೂ ಕಾಣಲಿಲ್ಲ. ಬಿಟ್ಟುಬಿಡೋಣ ಎಂದುಕೊಳ್ಳುವಷ್ಟರಲ್ಲಿ ಎರಡನೆಯ ಭಾಗ ಶುರುವಾಯಿತು. ಬಾವಿಕಟ್ಟೆಯಲ್ಲಿ ಅತ್ತೆ ಸೆರಗಿನ ಹಿಂದಿನಿಂದ ಗುನುಗಿದ ರಾಗ! ಅದೇ ಏರು, ಅದೇ ಇಳಿತ. "ಸಿಕ್ಕಿತು!" ಎಂದು ಕೂಗಿದೆ.

"ಎಂತ ಸಿಕ್ತು ಅಕ್ಕೋರೇ, ಸೀಟಾ?" ಎಂದ ಕಂಡಕ್ಟರ್.

ಭಾನುವಾರ ಗಂಡನ ಸ್ಪೀಕರನ್ನು ಚೀಲಕ್ಕೆ ಹಾಕಿಕೊಂಡು ಕುಮಟೆಗೆ ಓಡಿದೆ. ಮಾವನ ಮಗ ಪ್ರಕಾಶ, ಸೊಸೆ ಇಬ್ಬರೂ ಒಂದು ಮದುವೆಗೆ ಹೋಗಿದ್ದರು. ಜಗಲಿ ಹತ್ತಿದವಳು ಅಲ್ಲೇ ನಿಂತುಬಿಟ್ಟೆ. ಮಾವನಿಗೆ ದಾಡಿ ಮಾಡಿಸಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ ಕೂರಿಸಿದ್ದರು. ಅತ್ತೆ ಒಳ್ಳೆಯ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದರು.

"ಎಂತದು ಅತ್ತೆ, ಎಲ್ಲಿಗೆ ಹೊರಟ್ರಿ?"

"ಎಲ್ಲಿಗೂ ಇಲ್ಲ. ಹಾಲ್‌ನಲ್ಲಿ ಕೇಳೂಕೆ ಹೋಗೋರು ಹೀಂಗೇ ಹೋಗೂದಂತೆ. ಮೊದ್ಲು ಇವ್ರೇ ಹೇಳ್ತಿದ್ರು. ಇವ್ರೂ ಒಂದಿನ ಕುರ್ಚಿ ಮೇಲೆ ಕೂತು ಕೇಳ್ಲಿ."

ಸ್ಪೀಕರನ್ನು ಟೀಪಾಯಿಯ ಮೇಲೆ ಇಟ್ಟು ಹಾಡು ಹಾಕಿದೆ. ಸಾರಂಗಿ ಒಂಟಿಯಾಗಿ, ನಿಧಾನವಾಗಿ ಶುರುವಾಯಿತು.

ಅತ್ತೆ ಸ್ವಲ್ಪ ಹೊತ್ತು ಕೇಳಿ ನನ್ನ ಕಡೆ ನೋಡಿದರು. "ಇದು ಯಾವ್ದು?"

"ಇದೇ ಅತ್ತೆ. ಛತ್ರಿ ವರ್ಷದ್ದು."

"ಇದಲ್ಲ ಮಾರಾಯ್ತಿ."

"ಕೇಳಿ ಸ್ವಲ್ಪ. ಮುಂದೆ ಬರ್ತದೆ."

ಅತ್ತೆಯ ಮುಖ ಸಪ್ಪೆಯಾಗುತ್ತ ಬಂತು. ಮಾವ ಮಾತ್ರ ಕತ್ತು ಮುಂದೆ ಚಾಚಿ ಕೇಳುತ್ತಿದ್ದರು. ಹುಬ್ಬು ಮೇಲೆ, ಬಾಯಿ ತುಸು ತೆರೆದು. ತುಂಬಾ ಬಲ್ಲ ಹಾಡನ್ನು ಕೇಳುವವರ ಮುಖ ಹಾಗಿರುವುದಿಲ್ಲವಲ್ಲ ಎಂದು ನನಗೆ ಒಮ್ಮೆ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲೇ ಬಿಟ್ಟೆ.

ಎರಡನೆಯ ಭಾಗ ಬಂತು. ಅತ್ತೆ ಕೂತಲ್ಲೇ ಕುಪ್ಪಳಿಸಿದರು. "ಇದು! ಇದೇ ನೋಡೆ! ಕೇಳ್ತಾ? ನಿಮ್ದು ಬಂತು ಕೇಳಿ!" ಎಂದು ಮಾವನ ತೋಳು ಹಿಡಿದು ಅಲುಗಿಸಿದರು. ಮಾವ ಕಣ್ಣು ಮುಚ್ಚಿದರು. ಎಡಗೈಯ ಬೆರಳು ಕುರ್ಚಿಯ ಕೈ ಮೇಲೆ ಆಡತೊಡಗಿತು. ಈಗ ಗುನುಗುತ್ತಾರೆ, ಈಗ ಗುನುಗುತ್ತಾರೆ ಎಂದು ನಾವಿಬ್ಬರೂ ಅವರ ತುಟಿಯನ್ನೇ ನೋಡುತ್ತಿದ್ದೆವು.

ತುಟಿ ಅಲುಗಲಿಲ್ಲ. ಹಾಡು ಮುಗಿಯಿತು. ಎಲ್ಲೋ ಯಾವಾಗಲೋ ಕೂತಿದ್ದ ಜನ ಸ್ಪೀಕರಿನೊಳಗೆ ಚಪ್ಪಾಳೆ ತಟ್ಟಿದರು. ಆಮೇಲೆ ಅದೂ ನಿಂತಿತು.

ನನಗೆ ಅಳು ಬಂತು. ಅತ್ತೆಗೆ ಸಿಟ್ಟು ಬಂತು.

"ಮೊದ್ಲಿದ್ದು ಎಲ್ಲಿ ಹೋತು? ಮೊದ್ಲರ್ಧ ಕತ್ತರ್ಸಿ ಬಿಸಾಡಿ ಬೇರೆ ಎಂತದೋ ಅಂಟಿಸಿದಾರೆ ಇವ್ರು! ಅದಿಲ್ದೆ ಅವ್ರು ಹ್ಯಾಂಗೆ ಹಾಡ್ತಾರೆ? ಬುಡ ಇಲ್ದೆ ತುದಿ ಹಾಡೂಕಾತದಾ?" ಎಂದು ನನ್ನನ್ನು ಬೈದರು. ಆಮೇಲೆ ಮಾವನ ಕಡೆ ತಿರುಗಿ, "ನೀವೇ ಹೇಳಿ, ಕತ್ತರ್ಸಿದಾರೆ ಅಲ್ದಾ? ಹೌದಾದ್ರೆ ಕೈ ಎತ್ತಿ."

ಮಾವ ಕೈ ಎತ್ತಲಿಲ್ಲ. ತಲೆ ತಗ್ಗಿಸಿ ನೆಲ ನೋಡಿದರು.

ನನಗೆ ಒಬ್ಬರ ನೆನಪಾಯಿತು. ಹೆಬಳೆಯ ದಾಮೋದರಣ್ಣ. ಅದೇ ಕ್ಯಾಂಟೀನಿನಲ್ಲಿ ಮಾವನ ಜೊತೆ ಚಾ ಮಾಡುತ್ತಿದ್ದವರು. ಈಗ ಊರಲ್ಲಿ ಮಲ್ಲಿಗೆ ಬೆಳೆದು ಭಟ್ಕಳ ಪೇಟೆಗೆ ಕೊಡುತ್ತಾರೆ. ಅವರಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ವಿಷಯವೆಲ್ಲ ಹೇಳಿ ಕೇಳಿದೆ, "ದಾಮೋದರಣ್ಣ, ಆ ಹಾಡಿನ ಮೊದಲ ಭಾಗ ನಿಮಗೆ ನೆನಪುಂಟಾ? ಅಲ್ಲಿ ನುಡಿಸಿದ್ದು ಬೇರೆ ಇತ್ತಾ?"

ಆ ಕಡೆಯಿಂದ ದೊಡ್ಡ ನಗು.

"ಮೊದಲ ಭಾಗ ನಾವ್ಯಾವಾಗ ಕೇಳಿದ್ವು ತಂಗಿ? ಇಂಟರ್‌ವಲ್ ಬೆಲ್ ಹೊಡದ್ರೆ ಹಾಲ್‌ನ ಜನ ಅಷ್ಟೂ ಕೌಂಟರಿಗೆ ಬೀಳ್ತಿತ್ತು. ವಡೆ ಬಿಸಿ ಇಲ್ದಿದ್ರೆ ಮ್ಯಾನೇಜರ್ ಜೀವ ತೆಗೀತಿದ್ದ. ಹಾಡು ಶುರುವಾಗೂ ಹೊತ್ತಿಗೆ ನಿನ್ನ ಮಾವ ಬಾಣಲೆ ಮುಂದೆ, ನಾ ಚಾ ಹಂಡೆ ಮುಂದೆ. ತಲೆ ಮೇಲೆ ಆ ಹೊಗೆ ಎಳೆಯೂ ಫ್ಯಾನು, ಪಕ್ಕದಲ್ಲಿ ಬಾಂಬ್ ಬಿದ್ರೂ ಕೇಳ್ತಿರ್ಲಿಲ್ಲ. ಇಂಟರ್‌ವಲ್ ಆಗಿ ಜನ ಒಳಗೆ ಹೋದ್ಮೇಲೆ ಕೌಂಟರ್ ಒರೆಸಿ, ಬಾಗ್ಲು ಕಾಯುವವನಿಗೆ ಒಂದು ವಡೆ ಕೊಟ್ಟು ಸೈಡಿಗೆ ನಿಂತು ಕೇಳೂದು. ಎಷ್ಟು ವರ್ಷ ಇದ್ರೂ ನಾವು ಕೇಳಿದ್ದು ಹಿಂದಿನ ಅರ್ಧವೇ."

ನಾನು ಮಾವನ ಕಡೆ ನೋಡಿದೆ. ಅವರು ಇನ್ನೂ ನೆಲ ನೋಡುತ್ತಿದ್ದರು. ಅವರ ಆ ಚಾಚಿದ ಕತ್ತು ನನಗೆ ಅರ್ಥವಾಯಿತು. ಆ ಕೃತಿಯ ಮೊದಲ ಭಾಗವನ್ನು ಮಾವ ಆಯುಷ್ಯದಲ್ಲಿ ಮೊದಲ ಸಲ ಕೇಳಿದ್ದು ಅವತ್ತು, ಕುಮಟೆಯಲ್ಲಿ, ನನ್ನ ಗಂಡನ ಸ್ಪೀಕರಿನಲ್ಲಿ.

"ಹಾಂಗಾದ್ರೆ ಇವ್ರು ನಂಗೆ ಹಾಡಿದ ಮೊದ್ಲರ್ಧ?" ಅತ್ತೆ ಫೋನಿನ ಹತ್ತಿರ ಬಾಗಿ ಕೇಳಿದರು.

"ಓ, ಅತ್ತಿಗೆ ಅಲ್ಲೇ ಇದ್ದಾರಾ!" ದಾಮೋದರಣ್ಣನ ದನಿ ತಗ್ಗಿತು. "ಅತ್ತಿಗೆ, ಸಿಟ್ಟು ಮಾಡ್ಕೊಬೇಡಿ. ಊರಿಗೆ ಬರೂ ಬಸ್ಸಿನಲ್ಲಿ ಸುಬ್ರಾಯಣ್ಣಂಗೆ ಪ್ರತಿ ವರ್ಷ ಇದೇ ಚಿಂತೆ. ಅರ್ಧ ಹಾಡು ಹೆಂಡ್ತಿ ಮುಂದೆ ಹ್ಯಾಂಗೆ ಇಡೂದು ಅಂತ. ಅರ್ಧ ಡಬ್ಬಿ ಹಲ್ವ ಕೊಟ್ಟ ಹಾಂಗಾತದೆ ದಾಮೋದರಾ ಅಂತಿದ್ರು. ಕೂತು ಮೊದ್ಲರ್ಧ ತಾವೇ ಕಟ್ಟೂದು. ಚಿಪಳೂಣ್ ದಾಟಿದ್ಮೇಲೆ ಗುಂಯ್ ಗುಂಯ್ ಅಂತ ಶುರುವಾದ್ರೆ ಸಾವಂತವಾಡಿವರೆಗೆ ನಂಗೆ ನಿದ್ದೆ ಇಲ್ಲ. ಹೀಂಗಿದ್ರೆ ಚಲೋನಾ, ಹಾಂಗಿದ್ರೆ ಚಲೋನಾ ಅಂತ ಕೇಳಿ ಕೇಳಿ ತಲೆ ತಿನ್ತಿದ್ರು."

ಅತ್ತೆ ಫೋನನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

"ಆ ಛತ್ರಿ ತಂದ ವರ್ಷದ್ದು ನಂಗೆ ಚಲೋ ನೆನಪುಂಟು. ಅದ್ರ ಶುರುವೇ ನೀವು, ಅತ್ತಿಗೆ. ಬಸ್ಸಿಳಿದು ಅವ್ರು ಬೇಲಿ ಬಾಗ್ಲಿಗೆ ಬಂದ್ರೆ ನೀವು ಒಳಗಿಂದ 'ಬಂದ್ರಾ...' ಅಂತ ಒಂದು ಎಳೆ ಎಳೀತಿದ್ರಲ್ಲ? ಆ ವರ್ಷ ಟ್ರಂಕು ಹಿಡಿಯೂಕೆ ನಾನೂ ಇಳಿದಿದ್ದೆ, ಕೇಳಿದ್ದೇನೆ. ಅದೇ ಎಳೆ. ಅದ್ನೇ ಹಿಡ್ಕಂಡು ಕಟ್ಟಿದ್ದು ಅವ್ರು."

ಫೋನ್ ಇಟ್ಟೆ.

"ನಾನು ಹಾಂಗೆ ಎಳೀತೇನಾ?" ಅತ್ತೆ ನನ್ನನ್ನು ಕೇಳಿದರು.

ಎಳೆಯುತ್ತಾರೆ. ಚಿಕ್ಕಂದಿನಿಂದ ಕೇಳಿದ್ದೇನೆ. 'ಬಂ' ಕೆಳಗೆ, 'ದ್ರಾ' ಮೇಲೆ, ಆಮೇಲೆ ಆ ಮೇಲಿನದು ನಿಧಾನಕ್ಕೆ ಇಳಿಯುವುದು. ನಾನು ಹೌದೆಂದೆ.

ಅತ್ತೆ ಮಾವನ ಎದುರು ಹೋಗಿ ನಿಂತರು. "ಇಷ್ಟು ವರ್ಷ ನಂಗೆ ಸುಳ್ಳು ಹೇಳಿದ್ರಾ ನೀವು? ಕೇರಿಗೆಲ್ಲ ಹೇಳ್ಕಂಡು ಬಂದೆನಲ್ಲ ನಾನು, ಸಾವ್ರ ಜನ ಚಪ್ಪಾಳೆ ತಟ್ಟಿದ ಹಾಡು, ನಮ್ಮವ್ರು ತಂದದ್ದು ಅಂತ! ಆ ಮೂಲೆಮನೆ ಗಂಗೆ ಹತ್ರ ಜಗಳವೇ ಆಗಿತ್ತು."

ಮಾವ ತಲೆ ಎತ್ತಿದರು. ಸಿಕ್ಕಿಬಿದ್ದವರ ನಗು, ಅದೂ ಅರ್ಧ ಬಾಯಲ್ಲಿ. ಇನ್ನರ್ಧ ಬಾಯಿ ಇನ್ನೂ ಅವರ ಮಾತು ಕೇಳುತ್ತಿಲ್ಲ. ಆ ನಗು ಕಂಡ ಕೂಡಲೇ ಅತ್ತೆಯ ಸಿಟ್ಟು ಎತ್ತಲೋ ಹೋಯಿತು. ಪಕ್ಕದಲ್ಲಿ ಕೂತರು.

"ಹಾಂಗಾದ್ರೆ ಮೊದ್ಲರ್ಧಕ್ಕೆ ಯಾರೂ ಚಪ್ಪಾಳೆ ತಟ್ಟಲೇ ಇಲ್ವಾ?"

ಈ ಪ್ರಶ್ನೆ ಯಾರಿಗೆ ಕೇಳಿದ್ದು ಎಂದು ನನಗೆ ಗೊತ್ತಾಗಲಿಲ್ಲ. ಅವರೇ ಹೇಳಿದರು, "ನಾನೂ ತಟ್ಟಲಿಲ್ಲ. ಕೈಯಲ್ಲಿ ಪಾತ್ರೆ ಇರ್ತಿತ್ತು."

ಹೇಳಿ, ಎಂಥ ದಡ್ಡರು ನಾವು! ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಹಾಡು ಆ ಅಡುಗೆಮನೆಯಲ್ಲಿ ಇತ್ತು. ಮೊದಲ ಪ್ರದರ್ಶನವೂ ಅಲ್ಲೇ, ಹೊಸ್ತಿಲ ಮೇಲೆ. ಕೇಳುಗರು ಒಬ್ಬರೇ. ಅದನ್ನು ಬಿಟ್ಟು ನಾನು ಶರಾವತಿ ಸೇತುವೆಯ ಮೇಲೆ ಅಸಲು ಹುಡುಕುತ್ತಿದ್ದೆ. ಅತ್ತೆ ತಮ್ಮ ಗಂಟಲಿನಲ್ಲಿರುವುದು ನಕಲು ಎಂದು ನಾಚಿ ಸೆರಗು ಮುಚ್ಚಿದ್ದರು. ನಮ್ಮ ಮನೆಗಳಲ್ಲಿ ಇಂಥವು ಇನ್ನೂ ಎಷ್ಟಿವೆಯೋ. ಅಜ್ಜ ಹೇಳಿದ ಕಥೆ ಪುಸ್ತಕದಲ್ಲಿ ಬೇರೆ ಇದೆ ಎಂದು ಅಜ್ಜನನ್ನೇ ತಿದ್ದಿದವರು ನಾವು. ಅಮ್ಮನ ಸಾರು ಯೂಟ್ಯೂಬಿನ ಹಾಗಿಲ್ಲ ಎಂದವರು ನಾವು. ಬೇರೆ ಇರುವುದು ಯಾಕೆ ಎಂದು ಒಬ್ಬರಾದರೂ ಕೇಳಿದ್ದೇವೆಯೇ?

ಅತ್ತೆ ಎದ್ದರು. ಸೀದಾ ಒಳಗೆ ಹೋದರು. ನೀರು ತರಲು ಹೋದರು ಎಂದುಕೊಂಡೆ. ಮಾವ ಬೇಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು, ಒಳಬಾಗಿಲು ಅವರ ಬೆನ್ನಿಗಿತ್ತು.

ಒಳಗಿನಿಂದ ಅತ್ತೆಯ ದನಿ ಬಂತು. ಸೆರಗು ಅಡ್ಡ ಇಲ್ಲದ, ಬೇಲಿಯಾಚೆಗೂ ಕೇಳಿಸುವ ದನಿ.

"ಬಂದ್ರಾ..."

ಮಾವನ ಬೆನ್ನು ನೆಟ್ಟಗಾಯಿತು.

"ಬಂದ್ರಾ..." ಮತ್ತೊಮ್ಮೆ. ಮೇಲೆ ಹೋಗಿ, ನಿಧಾನಕ್ಕೆ ಇಳಿದು.

ಮಾವನ ಗಂಟಲಲ್ಲಿ ಏನೋ ಹೊರಳಿತು. ಮೊದಲು ಬರೀ ಉಸಿರು. ಆಮೇಲೆ ಒಂದು ಶಬ್ದ. ಒರಟು, ತುಕ್ಕು ಹಿಡಿದ ಕೀಲಿನ ಹಾಗಿತ್ತು. ಅತ್ತೆಯ ಎಳೆ ಇಳಿದು ನಿಂತಲ್ಲೇ ಅದು ಹಿಡಿದುಕೊಂಡಿತು. ಎರಡು ಸಲ ಜಾರಿತು. ಮೂರನೆಯ ಸಲ ಜಾರಲಿಲ್ಲ. ಮುಂದೆ ಹೋಯಿತು. ಸಾರಂಗಿಯಲ್ಲಿ ಇರದ, ಪಿಟೀಲಿನಲ್ಲಿ ಇರದ ಆ ರಾಗ, ಚಿಪಳೂಣಿನಿಂದ ಸಾವಂತವಾಡಿಯವರೆಗೆ ಕಟ್ಟಿದ್ದು, ಒಂದೊಂದೇ ಹೆಜ್ಜೆ ಇಡುತ್ತ ಬರತೊಡಗಿತು. ನಡುವೆ ಒಂದು ಕಡೆ "ಬಂ... ದೆ" ಎಂದ ಹಾಗೆ ಕೇಳಿಸಿತು. ಮಾತೋ, ರಾಗದ ಏರಿಳಿತವೋ, ನನಗೆ ತಿಳಿಯಲಿಲ್ಲ. ಅತ್ತೆಗೆ ತಿಳಿಯಿತು. ಒಳಬಾಗಿಲಲ್ಲಿ ನಿಂತವರು ಓಡಿ ಬಂದು ಮಾವನ ಕಾಲ ಬುಡದಲ್ಲಿ ಕೂತರು. ಕಣ್ಣಲ್ಲಿ ದಳದಳ ನೀರು, ಒರೆಸಿಕೊಳ್ಳಲೂ ಇಲ್ಲ. ಎರಡೂ ಕೈ ಬರಿದಾಗಿ ಮಡಿಲಲ್ಲಿದ್ದವು.

ನನಗೆ ಥೆರಪಿಯ ಹುಡುಗಿಯ ನೆನಪಾಯಿತು. ಪ್ರಕಾಶನಿಗೆ ತೋರಿಸಬೇಕು, ದಾಮೋದರಣ್ಣನಿಗೆ ಕಳಿಸಬೇಕು, ಇದು ಮತ್ತೆ ಸಿಗುತ್ತದೋ ಇಲ್ಲವೋ. ಮೆಲ್ಲಗೆ ಫೋನ್ ಎತ್ತಿ ರೆಕಾರ್ಡ್ ಗುಂಡಿಗೆ ಬೆರಳಿಟ್ಟೆ.

ಅತ್ತೆ ಮಾವನ ಮುಖದಿಂದ ಕಣ್ಣು ತೆಗೆಯದೆ ಹೇಳಿದರು:

"ಅದ್ನ ಒಳಗಿಡು. ಅವ್ರು ಹಾಡೂದು ನಂಗೆ, ನೀ ಎಂತಕ್ಕೆ ಇಲ್ಲಿ ಕೂತ್ಕಂಡಿದ್ದಿ?"